ಎರಡು ಸಾವಿರ ಸಾಲಿನ ಕಂಟ್ರೋಲರ್: ಎಲ್ಲಿಂದ ಒಡೆಯಬೇಕು?

ಪ್ರಶ್ನೆ: ದಾವಣಗೆರೆಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಮೂರು ವರ್ಷದಿಂದ ಲಾರಾವೆಲ್ (ಪಿಎಚ್‌ಪಿ ಭಾಷೆಯ ವೆಬ್ ಫ್ರೇಮ್‌ವರ್ಕ್) ಕೆಲಸ ಮಾಡುತ್ತಿದ್ದೇನೆ. ನಮ್ಮದು ಕಲ್ಯಾಣ ಮಂಟಪಗಳ ಬುಕಿಂಗ್ ಸಾಫ್ಟ್‌ವೇರ್. ಡೇಟ್ ಹಿಡಿಯುವುದು, ಅಡ್ವಾನ್ಸ್, ಡೇಟ್ ಬದಲಾವಣೆ, ಕ್ಯಾನ್ಸಲ್, ರಸೀದಿ, ರಿಪೋರ್ಟ್ ಎಲ್ಲವೂ ‘ಬುಕಿಂಗ್ ಕಂಟ್ರೋಲರ್’ (ಬಂದ ರಿಕ್ವೆಸ್ಟ್ ಹಿಡಿದು ಉತ್ತರ ಕೊಡುವ ಕೋಡ್) ಎಂಬ ಒಂದೇ ಫೈಲಿನಲ್ಲಿದೆ. ಈಗ ಅದು 2,300 ಸಾಲು, 41 ಮೆಥಡ್ (ಒಂದೊಂದು ಕೆಲಸದ ಕೋಡ್ ತುಂಡು) ಆಗಿದೆ. ಗ್ರಾಹಕರು, ಮಂಟಪದ ಮ್ಯಾನೇಜರ್, ನಮ್ಮ ಅಡ್ಮಿನ್ ಮೂವರಿಗೂ ಅದೇ ಕಂಟ್ರೋಲರ್. ಒಳಗೆ ಎಲ್ಲೆಲ್ಲೂ ‘ಅಡ್ಮಿನ್ ಆದರೆ ಹೀಗೆ, ಇಲ್ಲದಿದ್ದರೆ ಹಾಗೆ’ ಎಂಬ ಇಫ್‌ಗಳು. ಸೀನಿಯರ್ ‘ಒಂದು ಟೇಬಲ್‌ಗೆ ಒಂದು ಕಂಟ್ರೋಲರ್’ ಅನ್ನುತ್ತಾರೆ. ಹೊಸದಾಗಿ ಸೇರಿದ ಹುಡುಗಿ ‘ಒಂದು ಕೆಲಸಕ್ಕೆ ಒಂದು ಕಂಟ್ರೋಲರ್’ ಅನ್ನುತ್ತಾಳೆ. ಬಾಸ್ ಮಾತ್ರ ‘ಓಡ್ತಿರೋ ಗಾಡಿ ಮುಟ್ಟಬೇಡಿ’ ಅನ್ನುತ್ತಾರೆ. ಇದರ ನಡುವೆ ಹೋದ ತಿಂಗಳು ಒಬ್ಬ ಗ್ರಾಹಕರಿಗೆ ‘ನಿಮ್ಮ ಬುಕಿಂಗ್ ರದ್ದಾಗಿದೆ’ ಎಂಬ ಎಸ್ಸೆಮ್ಮೆಸ್ ಆರು ಸಲ ಹೋಯಿತು. ಯಾಕೆಂದು ಇನ್ನೂ ಗೊತ್ತಾಗಿಲ್ಲ. ಈ ಕಂಟ್ರೋಲರ್ ಮತ್ತು ಪೇಮೆಂಟ್ ಕಂಟ್ರೋಲರ್‌ನ ಕೋಡ್ ಕಳಿಸಿದ್ದೇನೆ. ರಿಪೋರ್ಟ್ ಮೆಥಡ್‌ಗಳು ಮಾತ್ರ ಎರಡು ವರ್ಷದಿಂದ ಬದಲಾಗಿಲ್ಲ. ಈ ಫೈಲನ್ನು ಹೇಗೆ ಒಡೆಯಲಿ? ಒಡೆಯಲೇಬೇಕಾ?

ಉತ್ತರ: ನಿಮ್ಮನ್ನು ಹೆದರಿಸಿರುವುದು ಸಾಲುಗಳ ಲೆಕ್ಕ. ನನ್ನನ್ನು ಹೆದರಿಸಿದ್ದು ಆ ಆರು ಎಸ್ಸೆಮ್ಮೆಸ್. ಅಲ್ಲಿಂದಲೇ ಶುರು ಮಾಡುತ್ತೇನೆ. ಕಂಟ್ರೋಲರ್ ಹೇಗೆ ಒಡೆಯಬೇಕು ಎಂಬ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ.

ನೀವು ಕಳಿಸಿದ ಕೋಡ್ ಓದಿದರೆ ನಡೆದದ್ದು ಹೀಗೆ. ಗ್ರಾಹಕರು ಅಡ್ವಾನ್ಸ್ ಕಟ್ಟಲು ಹೋದರು, ಪೇಮೆಂಟ್ ಫೇಲ್ ಆಯಿತು. ಪೇಮೆಂಟ್ ಗೇಟ್‌ವೇ ಆ ಸುದ್ದಿಯನ್ನು ನಿಮ್ಮ ವೆಬ್‌ಹುಕ್‌ಗೆ (ಹೊರಗಿನ ಸರ್ವರ್ ಸುದ್ದಿ ಮುಟ್ಟಿಸಲು ಇಟ್ಟ ಯುಆರ್‌ಎಲ್) ಕಳಿಸಿತು. ಅದು ಬಂದು ಬೀಳುವುದು ಪೇಮೆಂಟ್ ಕಂಟ್ರೋಲರ್‌ಗೆ. ಅದನ್ನು ಬರೆದವರು ‘ಕ್ಯಾನ್ಸಲ್ ಮಾಡುವ ಕೋಡ್ ಆಗಲೇ ಇದೆಯಲ್ಲ’ ಅಂದುಕೊಂಡಿದ್ದಾರೆ. ಅಲ್ಲೇ ಒಂದು ಬುಕಿಂಗ್ ಕಂಟ್ರೋಲರ್ ಆಬ್ಜೆಕ್ಟ್ ಹುಟ್ಟಿಸಿ ಅದರ ಕ್ಯಾನ್ಸಲ್ ಮೆಥಡ್ ಕರೆದಿದ್ದಾರೆ. ಅದು ಬುಕಿಂಗ್ ರದ್ದು ಮಾಡಿತು, ಎಸ್ಸೆಮ್ಮೆಸ್ ಕಳಿಸಿತು, ಕೊನೆಗೆ ಅಭ್ಯಾಸಬಲದಂತೆ ‘ಹಿಂದಿನ ಪುಟಕ್ಕೆ ಹೋಗಿ’ ಎಂದು ರಿಡೈರೆಕ್ಟ್ ಕೊಟ್ಟಿತು. ಅಂದರೆ 302, ‘ಬೇರೆ ಪುಟಕ್ಕೆ ಹೋಗಿ’ ಎಂಬ ಕೋಡ್. ಗೇಟ್‌ವೇಗೆ ಎಲ್ಲಿಯ ಹಿಂದಿನ ಪುಟ? ಅದು ಕಾಯುತ್ತಿದ್ದದ್ದು 200ಕ್ಕೆ, ಅಂದರೆ ‘ಸರಿ, ಮುಟ್ಟಿತು’ ಎಂಬ ಕೋಡ್‌ಗೆ. ಸಿಗಲಿಲ್ಲವಾದ್ದರಿಂದ ಸುದ್ದಿ ಮುಟ್ಟಿಲ್ಲ ಅಂದುಕೊಂಡು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸಿತು. ಮತ್ತೆ ಕ್ಯಾನ್ಸಲ್, ಮತ್ತೆ ಎಸ್ಸೆಮ್ಮೆಸ್, ಮತ್ತೆ 302. ‘ಇದು ಆಗಲೇ ರದ್ದಾಗಿದೆಯಾ’ ಎಂದು ಆ ಮೆಥಡ್ ಎಲ್ಲೂ ನೋಡುವುದಿಲ್ಲ. ದೂರು ಕೊಟ್ಟವರು ಒಬ್ಬರು ಅಷ್ಟೇ. ಲಾಗ್ ತೆಗೆದು ನೋಡಿ, ಸುಮ್ಮನಿದ್ದವರು ಇನ್ನೂ ಇರಬಹುದು.

ಇದಕ್ಕಿಂತ ಕೆಟ್ಟದ್ದು ಆ ಮೆಥಡ್‌ನ ಹನ್ನೆರಡನೇ ಸಾಲಿನಲ್ಲಿದೆ. ‘ಲಾಗಿನ್ ಆದ ಯೂಸರ್ ಇದ್ದರೆ ಮಾತ್ರ ಪರ್ಮಿಷನ್ ನೋಡು’ ಎಂಬ ಇಫ್ ಅದು. ಅದು ಅಲ್ಲಿಗೆ ಯಾಕೆ ಬಂತು ಎಂದು ಊಹಿಸುವುದು ಕಷ್ಟವಲ್ಲ. ವೆಬ್‌ಹುಕ್‌ನಿಂದ ಬಂದಾಗ ಯಾರೂ ಲಾಗಿನ್ ಆಗಿರುವುದಿಲ್ಲ, ಎರರ್ ಬರುತ್ತಿತ್ತು. ಯಾರೋ ಅವಸರದಲ್ಲಿ ಆ ಇಫ್ ಹಾಕಿ ಎರರ್ ಹೋಗಿಸಿದ್ದಾರೆ. ಆದರೆ ಅದರ ಅರ್ಥ ಏನಾಯಿತು? ಲಾಗಿನ್ ಆದವರಿಗೆ ತಪಾಸಣೆ, ಆಗದವರಿಗೆ ಬಿಟ್ಟಿ ಪ್ರವೇಶ. ಈಗ ಬಾಗಿಲು ಕಾಯುತ್ತಿರುವುದು ಕಂಟ್ರೋಲರ್‌ನ ಕನ್‌ಸ್ಟ್ರಕ್ಟರ್‌ನಲ್ಲಿರುವ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡ್) ಆತ್ ಮಿಡಲ್‌ವೇರ್ ಒಂದೇ. ರಿಕ್ವೆಸ್ಟ್ ಒಳಗೆ ಬರುವ ಮೊದಲು ಲಾಗಿನ್ ಆಗಿದೆಯಾ ಎಂದು ನೋಡುವ ಕೋಡ್ ಅದು. ಈ ಮಾತು ನೆನಪಿಟ್ಟುಕೊಳ್ಳಿ, ಫೈಲ್ ಒಡೆಯುವಾಗ ಮತ್ತೆ ಇಲ್ಲಿಗೆ ಬರುತ್ತೇನೆ.

ಎರಡೂ ತಪ್ಪಿಗೆ ಬೇರು ಒಂದೇ. ಬುಕಿಂಗ್ ರದ್ದು ಮಾಡುವ ಕೆಲಸವನ್ನೂ ಬ್ರೌಸರ್‌ಗೆ ಉತ್ತರ ಕೊಡುವ ಕೆಲಸವನ್ನೂ ಒಂದೇ ಮೆಥಡ್‌ಗೆ ವಹಿಸಿದ್ದೀರಿ. ಬ್ರೌಸರ್ ಅಲ್ಲದ ಒಬ್ಬರು ಬಂದು ಅದೇ ಕೆಲಸ ಕೇಳಿದಾಗ ಎಡವಟ್ಟಾಯಿತು.

ಕಂಟ್ರೋಲರ್ ಅಂದರೆ ಏನು ಎಂಬ ಹಳೇ ಗೊಂದಲ

ಈ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ನಾರ್ವೆಯ ಟ್ರೀಗ್ವೆ ರೀನ್ಸ್‌ಕೌಗ್ 1979ರಲ್ಲಿ ಝೆರಾಕ್ಸ್ ಪಾರ್ಕ್ ಎಂಬ ಸಂಶೋಧನಾ ಕೇಂದ್ರದಲ್ಲಿ ಸ್ಮಾಲ್‌ಟಾಕ್ ಭಾಷೆಯ ಜೊತೆ ಕೆಲಸ ಮಾಡುವಾಗ ಎಂವಿಸಿ (ಕೋಡನ್ನು ಮಾಡೆಲ್, ವ್ಯೂ, ಕಂಟ್ರೋಲರ್ ಎಂದು ಮೂರು ಭಾಗ ಮಾಡುವ ವಿಧಾನ) ರೂಪಿಸಿದರು. ಆಗ ವೆಬ್ ಹುಟ್ಟಿರಲಿಲ್ಲ. ಮುಂದೆ ಸ್ಮಾಲ್‌ಟಾಕ್‌ನಲ್ಲಿ ನೆಲೆನಿಂತ ರೂಪದಲ್ಲಿ ಕಂಟ್ರೋಲರ್‌ನ ಕೆಲಸ ಕೀಬೋರ್ಡ್ ಮತ್ತು ಮೌಸ್‌ನಿಂದ ಬಂದದ್ದನ್ನು ಹಿಡಿದು ಮುಂದಕ್ಕೆ ದಾಟಿಸುವುದು. ವೆಬ್ ಬಂದ ಮೇಲೆ ಮೌಸ್ ಕ್ಲಿಕ್‌ನ ಜಾಗಕ್ಕೆ ಎಚ್‌ಟಿಟಿಪಿ ರಿಕ್ವೆಸ್ಟ್ ಬಂತು, ಹೆಸರು ಹಾಗೇ ಉಳಿಯಿತು. ಆ ಹೆಸರು ಕೇಳಿ ನಾವು ‘ಎಲ್ಲವನ್ನೂ ಕಂಟ್ರೋಲ್ ಮಾಡುವವನು’ ಅಂದುಕೊಂಡು ಎಲ್ಲವನ್ನೂ ಅದರ ತಲೆಗೆ ಕಟ್ಟಿದೆವು. ಪೈಥಾನ್ ಭಾಷೆಯ ಫ್ರೇಮ್‌ವರ್ಕ್ ಜಾಂಗೊದವರಂತೂ ಈ ಹೆಸರನ್ನೇ ಬಿಟ್ಟು, ಅದೇ ಕೆಲಸ ಮಾಡುವುದನ್ನು ವ್ಯೂ ಎಂದು ಕರೆದರು. ಗೊಂದಲ ಕಡಿಮೆಯಾಗಲಿಲ್ಲ, ಆ ಮಾತು ಬೇರೆ.

ನಿಮ್ಮ ಮಂಟಪವನ್ನೇ ನೋಡಿ. ಮುಂದಿನ ಆಫೀಸಿನಲ್ಲಿ ಮ್ಯಾನೇಜರ್ ಕೂತಿರುತ್ತಾರೆ. ಬಂದವರು ಯಾರು, ಏನು ಬೇಕು ಎಂದು ಕೇಳುತ್ತಾರೆ. ಅಡುಗೆಯವರಿಗೋ ಲೈಟಿಂಗ್‌ನವರಿಗೋ ಹೇಳಿ ಕಳಿಸುತ್ತಾರೆ. ಆಯಿತೋ ಇಲ್ಲವೋ ಎಂದು ಬಂದವರಿಗೆ ತಿಳಿಸುತ್ತಾರೆ. ಅವರು ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕುವುದಿಲ್ಲ, ಅಲ್ವಾ? ನಿಮ್ಮ ಕ್ಯಾನ್ಸಲ್ ಮೆಥಡ್ ಹಾಕುತ್ತಿದೆ.

ಕ್ಯಾನ್ಸಲ್ ಮೆಥಡ್‌ನ ಒಳಗೆ

168 ಸಾಲು ಇದೆ. ಮೊದಲು ಫಾರ್ಮ್‌ನಲ್ಲಿ ಬಂದದ್ದು ಸರಿ ಇದೆಯಾ ಎಂದು ನೋಡುತ್ತದೆ. ಆಮೇಲೆ ಯಾರು ಕೇಳುತ್ತಿದ್ದಾರೆ ಎಂದು ನೋಡುತ್ತದೆ. ಆಮೇಲೆ ರೀಫಂಡ್ ಲೆಕ್ಕ: ಮದುವೆಗೆ 60 ದಿನಕ್ಕಿಂತ ಜಾಸ್ತಿ ಇದ್ದರೆ ಅಡ್ವಾನ್ಸ್‌ನಲ್ಲಿ 10 ಪರ್ಸೆಂಟ್ ಹಿಡಿದುಕೊಳ್ಳಬೇಕು, 30ರಿಂದ 60 ದಿನ ಇದ್ದರೆ ಅರ್ಧ, ಅದಕ್ಕಿಂತ ಹತ್ತಿರವಾದರೆ ಏನೂ ವಾಪಸ್ ಇಲ್ಲ. ಆಮೇಲೆ ಡೇಟಾಬೇಸ್ ಅಪ್‌ಡೇಟ್, ಗೇಟ್‌ವೇಗೆ ರೀಫಂಡ್ ಕರೆ, ಎಸ್ಸೆಮ್ಮೆಸ್, ಪಿಡಿಎಫ್ ರಸೀದಿ, ರಿಡೈರೆಕ್ಟ್. ನಡುವೆ ಒಂದು ಕಾಮೆಂಟ್ ಇದೆ: ‘ಇದನ್ನು ಬದಲಿಸಿದರೆ ಮೊಬೈಲ್ ಎಪಿಐ ಕಂಟ್ರೋಲರ್‌ನಲ್ಲೂ ಬದಲಿಸಿ’. ಅಂದರೆ ರೀಫಂಡ್ ನಿಯಮ ಎರಡು ಕಡೆ ಇದೆ. ಒಂದು ದಿನ ಒಂದೇ ಕಡೆ ಬದಲಾಗುತ್ತದೆ. ವೆಬ್‌ಸೈಟ್‌ನಲ್ಲಿ ಕ್ಯಾನ್ಸಲ್ ಮಾಡಿದವರಿಗೆ ಒಂದು ಮೊತ್ತ, ಆ್ಯಪ್‌ನಲ್ಲಿ ಮಾಡಿದವರಿಗೆ ಇನ್ನೊಂದು ಮೊತ್ತ ಬರುತ್ತದೆ.

ಯಾವ ಸಾಲು ಕಂಟ್ರೋಲರ್‌ಗೆ ಸೇರಿದ್ದು, ಯಾವುದು ಅಲ್ಲ ಎಂದು ಗೊತ್ತುಮಾಡಲು ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ನಾಳೆ ಇದೇ ಕೆಲಸವನ್ನು ಬ್ರೌಸರ್ ಇಲ್ಲದೆ, ರಾತ್ರಿ ಎರಡು ಗಂಟೆಗೆ ತಾನಾಗೇ ಓಡುವ ಕ್ರಾನ್ ಜಾಬ್‌ನಿಂದ ಮಾಡಿಸಬೇಕಾದರೆ ಈ ಸಾಲು ಬೇಕಾ? ಬೇಕಾದರೆ ಅದು ಕಂಟ್ರೋಲರ್‌ನಿಂದ ಆಚೆ ಹೋಗಬೇಕು. ರೀಫಂಡ್ ಲೆಕ್ಕ ಬೇಕು, ಸ್ಟೇಟಸ್ ಬದಲಾವಣೆ ಬೇಕು, ಎಸ್ಸೆಮ್ಮೆಸ್ ಬೇಕು. ರಿಡೈರೆಕ್ಟ್ ಬೇಡ, ಫಾರ್ಮ್ ಫೀಲ್ಡ್‌ಗಳ ಹೆಸರು ಬೇಡ, ಸೆಷನ್‌ಗೆ ಹಾಕುವ ಹಸಿರು ಬಣ್ಣದ ‘ಯಶಸ್ವಿಯಾಗಿದೆ’ ಸಂದೇಶ ಬೇಡ. ಹೀಗೆ ಜರಡಿ ಹಿಡಿದರೆ 168ರಲ್ಲಿ ಕಂಟ್ರೋಲರ್‌ಗೆ ಉಳಿಯುವುದು ಹತ್ತು ಹನ್ನೆರಡು ಸಾಲು.

ಪರ್ಮಿಷನ್ ವಿಷಯದಲ್ಲಿ ಮಾತ್ರ ಸ್ವಲ್ಪ ಸೂಕ್ಷ್ಮ. ‘ಈ ಬುಕಿಂಗ್ ಇವರದ್ದೇನಾ’ ಎಂಬುದು ಬಾಗಿಲಲ್ಲಿ ಕೇಳುವ ಪ್ರಶ್ನೆ. ಅದು ಪಾಲಿಸಿ ಕ್ಲಾಸ್‌ನಲ್ಲಿರಲಿ (ಲಾರಾವೆಲ್‌ನಲ್ಲಿ ಪರ್ಮಿಷನ್ ನಿಯಮ ಇಡುವ ಜಾಗ), ಕಂಟ್ರೋಲರ್ ಅದನ್ನು ಕರೆಯಲಿ. ‘ಮದುವೆ ಮುಗಿದ ಮೇಲೆ ಕ್ಯಾನ್ಸಲ್ ಮಾಡುವಂತಿಲ್ಲ’ ಎಂಬುದು ವ್ಯವಹಾರದ ನಿಯಮ. ಯಾವ ಬಾಗಿಲಿಂದ ಬಂದರೂ ಅದು ಲಾಗೂ ಆಗಬೇಕು. ಅದು ಒಳಗಿರಲಿ.

ಸೀನಿಯರ್ ಹೇಳಿದ್ದು, ಹೊಸ ಹುಡುಗಿ ಹೇಳಿದ್ದು

ಒಂದು ಟೇಬಲ್‌ಗೆ ಒಂದು ಕಂಟ್ರೋಲರ್ ಎಂಬುದು ನಿಯಮವಲ್ಲ, ಕೋಡ್ ಜನರೇಟರ್‌ಗಳಿಂದ ಬಂದ ಅಭ್ಯಾಸ. ಮಾಡೆಲ್ (ಒಂದು ಟೇಬಲ್‌ನ ಡೇಟಾ ನೋಡಿಕೊಳ್ಳುವ ಕ್ಲಾಸ್) ಹೆಸರು ಕೊಟ್ಟರೆ ಕಂಟ್ರೋಲರ್ ಹುಟ್ಟುತ್ತದೆ, ನಾವೂ ಹಾಗೇ ಯೋಚಿಸಲು ಕಲಿತೆವು. ಸಣ್ಣ ಆ್ಯಪ್‌ನಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ, ನಿಮ್ಮ ಸೀನಿಯರ್ ಸುಳ್ಳು ಹೇಳುತ್ತಿಲ್ಲ. ಆದರೆ ಟೇಬಲ್ ಎಂಬುದು ಡೇಟಾ ಇಡುವ ಅನುಕೂಲ. ಕಂಟ್ರೋಲರ್ ನೋಡಬೇಕಾದದ್ದು ಹೊರಗಿನವರು ಏನು ಕೇಳುತ್ತಾರೆ ಎಂಬುದನ್ನು.

ನಿಮ್ಮ ಆ್ಯಪ್‌ನಲ್ಲೇ ಉದಾಹರಣೆ ಇದೆ. ಒಂದೇ ಡೇಟ್‌ಗೆ ಇಬ್ಬರು ಒಂದೇ ಕ್ಷಣದಲ್ಲಿ ಬುಕ್ ಮಾಡಿದರೆ ಏನಾಗುತ್ತದೆ? ಈಗ ಕಂಟ್ರೋಲರ್ ‘ಡೇಟ್ ಖಾಲಿ ಇದೆಯಾ’ ಎಂದು ನೋಡಿ ಆಮೇಲೆ ಇನ್ಸರ್ಟ್ ಮಾಡುತ್ತಿದೆ. ಇಬ್ಬರಿಗೂ ‘ಖಾಲಿ ಇದೆ’ ಎಂದೇ ಕಾಣಬಹುದು. ಮುಹೂರ್ತ ಕಡಿಮೆ ಇರುವ ತಿಂಗಳಲ್ಲಿ ಎಲ್ಲರೂ ಅದೇ ಎರಡು ಮೂರು ಡೇಟ್‌ಗೆ ಮುಗಿಬೀಳುತ್ತಾರೆ, ಹಾಗಾಗಿ ಇದು ಬರೀ ಥಿಯರಿ ಅಲ್ಲ. ಇದನ್ನು ಕಂಟ್ರೋಲರ್ ತಡೆಯಲಾರದು, ಡೇಟಾಬೇಸ್‌ನ ಯುನೀಕ್ ಇಂಡೆಕ್ಸ್ (ಒಂದೇ ಮೌಲ್ಯ ಎರಡು ಸಲ ಸೇರದಂತೆ ನೋಡುವ ನಿಯಮ) ತಡೆಯಬೇಕು. ಬುಕಿಂಗ್ಸ್ ಟೇಬಲ್‌ಗೇ ಯುನೀಕ್ ಹಾಕಿದರೆ ರದ್ದಾದ ಹಳೇ ಬುಕಿಂಗ್ ಆ ಡೇಟನ್ನು ಹಿಡಿದುಕೊಂಡೇ ಕೂರುತ್ತದೆ. ಅದಕ್ಕೆ ಹಾಲ್, ಡೇಟ್, ಹೊತ್ತು ಈ ಮೂರು ಕಾಲಂ ಇರುವ ಒಂದು ಪುಟ್ಟ ಟೇಬಲ್ ಬೇರೆ ಮಾಡಿ, ಮೂರೂ ಸೇರಿ ಯುನೀಕ್ ಆಗಲಿ. ಬುಕ್ ಆದಾಗ ಸಾಲು ಸೇರುತ್ತದೆ, ರದ್ದಾದಾಗ ಅಳಿಯುತ್ತದೆ. ಈ ಟೇಬಲ್‌ಗೆ ಕಂಟ್ರೋಲರ್ ಬೇಕಾ? ಯಾರೂ ನೇರವಾಗಿ ಅದನ್ನು ಕೇಳುವುದಿಲ್ಲ. ಬೇಡ. ಅದೇ ರೀತಿ ಕ್ಯಾನ್ಸಲ್‌ಗೆ ಬೇರೆ ಟೇಬಲ್ ಇಲ್ಲ, ಆದರೆ ಅದಕ್ಕೆ ಸ್ವಂತ ಕಂಟ್ರೋಲರ್ ಇದ್ದರೆ ತುಂಬಾ ಚೆಂದ.

ರೂಬಿ ಭಾಷೆಯ ರೈಲ್ಸ್ ಫ್ರೇಮ್‌ವರ್ಕ್ ಹುಟ್ಟುಹಾಕಿದ ಡೇವಿಡ್ ಹೈನೆಮೈಯರ್ ಹ್ಯಾನ್ಸನ್ ಬಹಳ ಕಾಲದಿಂದ ಹೇಳುವುದು ಇದನ್ನೇ. ಕಂಟ್ರೋಲರ್‌ನಲ್ಲಿ ಪಟ್ಟಿ, ಒಂದನ್ನು ತೋರಿಸುವುದು, ಹೊಸ ಫಾರ್ಮ್, ಸೇರಿಸುವುದು, ತಿದ್ದುವ ಫಾರ್ಮ್, ತಿದ್ದುವುದು, ಅಳಿಸುವುದು ಎಂಬ ಏಳು ಆ್ಯಕ್ಷನ್ ಬಿಟ್ಟು ಎಂಟನೆಯದು ಬೇಕು ಅನ್ನಿಸಿದರೆ, ಅಲ್ಲಿ ಇನ್ನೊಂದು ಕಂಟ್ರೋಲರ್ ಅಡಗಿದೆ ಎಂದು ತಿಳಿಯಿರಿ. ಲಾರಾವೆಲ್‌ನ ರಿಸೋರ್ಸ್ ಕಂಟ್ರೋಲರ್‌ನಲ್ಲೂ ಇರುವುದು ಇದೇ ಏಳು. ನಿಮ್ಮ ‘ಬುಕಿಂಗ್‌ನ ಕ್ಯಾನ್ಸಲ್ ಮೆಥಡ್’ ಎಂಬುದು ‘ಕ್ಯಾನ್ಸಲೇಷನ್ ಕಂಟ್ರೋಲರ್‌ನಲ್ಲಿ ಹೊಸದನ್ನು ಸೇರಿಸುವುದು’ ಆಗುತ್ತದೆ. ಡೇಟ್ ಬದಲಾವಣೆ, ರಸೀದಿ, ರಿಪೋರ್ಟ್ ಒಂದೊಂದೂ ಹೀಗೇ. ಎಲ್ಲವನ್ನೂ ನಾಮಪದ ಮಾಡಲು ಹೊರಟರೆ ಕೆಲವು ಹೆಸರುಗಳು ಕೃತಕವಾಗುತ್ತವೆ, ಅದು ನಿಜ. ಆದರೂ 41 ಮೆಥಡ್ ಎದುರಿಗಿಟ್ಟುಕೊಂಡು ಯೋಚಿಸಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ.

ಹೊಸ ಹುಡುಗಿ ಹೇಳಿದ ದಾರಿಯೂ ಲಾರಾವೆಲ್‌ನಲ್ಲಿದೆ. ಒಂದೇ ಇನ್‌ವೋಕ್ ಮೆಥಡ್ ಇರುವ ಕಂಟ್ರೋಲರ್. ವೆಬ್‌ಹುಕ್‌ಗೆ, ರಸೀದಿ ಡೌನ್‌ಲೋಡ್‌ಗೆ ಹೇಳಿ ಮಾಡಿಸಿದ ಹಾಗಿದೆ. ಊಟದ ಹಾಲ್‌ಗಳ ಪಟ್ಟಿಯಂಥ ಸಾದಾ ಸೇರಿಸು, ತಿದ್ದು, ಅಳಿಸು ಕೆಲಸಕ್ಕೂ ಏಳು ಫೈಲ್ ಮಾಡಿದರೆ ಮಾತ್ರ ಅತಿಯಾಯಿತು.

ಇಬ್ಬರೂ ಹೇಳದ ಒಂದು ಸೀಳು ಇದೆ. ನಿಮ್ಮ ಮಟ್ಟಿಗೆ ಅದೇ ಮೊದಲನೆಯದು: ಯಾರು ಕೇಳುತ್ತಿದ್ದಾರೆ ಎಂಬುದರ ಮೇಲೆ ಒಡೆಯುವುದು. ಗ್ರಾಹಕರಿಗೆ ತಮ್ಮ ಒಂದು ಬುಕಿಂಗ್ ಕಾಣಬೇಕು. ಮ್ಯಾನೇಜರ್‌ಗೆ ತನ್ನ ಮಂಟಪದ ಇಡೀ ತಿಂಗಳು ಕಾಣಬೇಕು. ಅಡ್ಮಿನ್‌ಗೆ ಎಲ್ಲ ಮಂಟಪ. ಪುಟ ಬೇರೆ, ಪರ್ಮಿಷನ್ ಬೇರೆ, ಬದಲಾವಣೆ ಕೇಳುವ ಜನವೂ ಬೇರೆ. ಗ್ರಾಹಕ, ಮ್ಯಾನೇಜರ್, ಅಡ್ಮಿನ್ ಎಂದು ಮೂರು ಫೋಲ್ಡರ್ ಮಾಡಿ ಕಂಟ್ರೋಲರ್‌ಗಳನ್ನು ಬೇರೆ ಬೇರೆ ಇಡಿ. ಇಫ್‌ಗಳಲ್ಲಿ ಹೆಚ್ಚಿನವು ತಾವಾಗೇ ಉದುರುತ್ತವೆ. ಮೂರು ಕಡೆ ಸ್ವಲ್ಪ ಒಂದೇ ಥರ ಕಾಣುವ ಕೋಡ್ ಇರುತ್ತದೆ. ಇರಲಿ ಬಿಡಿ. ನಿಯಮ ಎರಡು ಕಡೆ ಇದ್ದರೆ ಅಪಾಯ, ಕಂಟ್ರೋಲರ್‌ನ ಐದು ಸಾಲು ಎರಡು ಕಡೆ ಇದ್ದರೆ ಏನೂ ಆಗುವುದಿಲ್ಲ.

ಇನ್ನು ‘ಕಂಟ್ರೋಲರ್ ಜಾಸ್ತಿ ಆದರೆ ಸೈಟ್ ನಿಧಾನ’ ಎಂಬ ಮಾತು ಆಫೀಸಿನಲ್ಲಿ ಯಾರಾದರೂ ಎತ್ತೇ ಎತ್ತುತ್ತಾರೆ. ಪಿಎಚ್‌ಪಿ ಆಟೋಲೋಡರ್ ಬೇಕಾದ ಕ್ಲಾಸ್ ಮಾತ್ರ ತರುತ್ತದೆ. ನಿಧಾನ ಮಾಡುವ ಸಾಧ್ಯತೆ ಇರುವುದು ಈಗಿನ ಫೈಲಿಗೇ. ಅದರ ಕನ್‌ಸ್ಟ್ರಕ್ಟರ್‌ನಲ್ಲಿ ಒಂಬತ್ತು ಡಿಪೆಂಡೆನ್ಸಿ (ಅದಕ್ಕೆ ಬೇಕಾದ ಬೇರೆ ಕ್ಲಾಸ್‌ಗಳು) ಕೇಳಿದ್ದೀರಿ. ಸುಮ್ನೆ ಒಂದು ಪಟ್ಟಿ ತೋರಿಸಲೂ ಪಿಡಿಎಫ್ ಕ್ಲಾಸ್‌ನಿಂದ ಹಿಡಿದು ಒಂಬತ್ತೂ ತಯಾರಾಗಬೇಕು.

ಮೊದಲು ಒಡೆಯಬೇಡಿ

ಇಲ್ಲಿ ನನ್ನದೇ ಒಂದು ಹಳೇ ತಪ್ಪು ಹೇಳಬೇಕು. ಹಿಂದೆ ಒಂದು ಹಾಸ್ಟೆಲ್ ಸಾಫ್ಟ್‌ವೇರ್‌ನಲ್ಲಿ ಇಂಥದ್ದೇ ದೊಡ್ಡ ಕಂಟ್ರೋಲರ್ ಇತ್ತು. ಹುಮ್ಮಸ್ಸಿನಲ್ಲಿ ಒಂದೇ ವಾರದಲ್ಲಿ ಏಳು ಕಂಟ್ರೋಲರ್ ಮಾಡಿದೆ. ಆಮೇಲೆ ನೋಡಿದರೆ ಎಲ್ಲ ಏಳಕ್ಕೂ ಬೇಕಾದ ಪ್ರೈವೇಟ್ ಮೆಥಡ್‌ಗಳು ಉಳಿದುಕೊಂಡವು. ಅವನ್ನೆಲ್ಲ ಏಳಕ್ಕೂ ತಾಯಿಯಂತಿರುವ ಒಂದು ಬೇಸ್ ಕಂಟ್ರೋಲರ್‌ಗೆ ತುಂಬಿದೆ. ಆರು ತಿಂಗಳಲ್ಲಿ ಆ ಬೇಸ್ 900 ಸಾಲಾಯಿತು. ಮೊದಲು ಕಸ ಒಂದು ಕೋಣೆಯಲ್ಲಿತ್ತು, ನಾನು ಅದನ್ನು ಮನೆ ತುಂಬಾ ಹರಡಿದೆ ಅಷ್ಟೇ.

ಹಾಗಾಗಿ ಮೊದಲು ನಿಯಮಗಳನ್ನು ಹೊರಗೆ ತೆಗೆಯಿರಿ, ಫೈಲ್ ಒಡೆಯುವುದು ಆಮೇಲೆ. ಕ್ಯಾನ್ಸಲ್‌ನಿಂದಲೇ ಶುರು ಮಾಡಿ. ಬುಕಿಂಗ್ ರದ್ದು ಮಾಡುವುದಕ್ಕೇ ಒಂದು ಕ್ಲಾಸ್. ಅದಕ್ಕೆ ಬುಕಿಂಗ್, ಕಾರಣ, ಯಾರು ಕೇಳಿದ್ದು ಎಂಬ ಮೂರನ್ನು ಕೊಡಿ. ರಿಕ್ವೆಸ್ಟ್ ಆಬ್ಜೆಕ್ಟ್ ಕೊಡಬೇಡಿ, ಕೊಟ್ಟರೆ ಮತ್ತೆ ಬ್ರೌಸರ್‌ಗೆ ಕಟ್ಟಿಹಾಕಿದ ಹಾಗೆ. ಅದು ಮೊದಲು ‘ಆಗಲೇ ರದ್ದಾಗಿದೆಯಾ’ ನೋಡಲಿ, ಆಗಿದ್ದರೆ ಸುಮ್ಮನೆ ವಾಪಸ್ ಬರಲಿ. ಈ ನೋಟವೂ ಸ್ಟೇಟಸ್ ಬದಲಾವಣೆಯೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಎಂಬ ಡೇಟಾಬೇಸ್ ಕಟ್ಟು), ಬುಕಿಂಗ್ ಸಾಲಿಗೆ ಲಾಕ್ ಹಾಕಿ ನಡೆಯಲಿ. ರೀಫಂಡ್ ಕರೆ ಮತ್ತು ಎಸ್ಸೆಮ್ಮೆಸ್, ಬದಲಾವಣೆ ಕಮಿಟ್ (ಖಾಯಂ) ಆದ ಮೇಲೆ ಕ್ಯೂನಿಂದ (ಹಿನ್ನೆಲೆಯಲ್ಲಿ ನಡೆಯುವ ಕೆಲಸಗಳ ಸಾಲು) ಹೋಗಲಿ. ಟ್ರಾನ್ಸಾಕ್ಷನ್ ಒಳಗೇ ಎಸ್ಸೆಮ್ಮೆಸ್ ಕಳಿಸಿ, ಆಮೇಲೆ ಡೇಟಾಬೇಸ್ ಬದಲಾವಣೆ ರೋಲ್‌ಬ್ಯಾಕ್ (ವಾಪಸ್) ಆದರೆ ಹೋದ ಮೆಸೇಜ್ ವಾಪಸ್ ಬರುವುದಿಲ್ಲ.

ಈ ಕ್ಲಾಸ್ ತಯಾರಾದ ಮೇಲೆ ಬಾಗಿಲುಗಳು ತೆಳ್ಳಗಾಗುತ್ತವೆ. ವೆಬ್ ಕಂಟ್ರೋಲರ್ ಅದನ್ನು ಕರೆದು ರಿಡೈರೆಕ್ಟ್ ಕೊಡುತ್ತದೆ. ಎಪಿಐ ಕಂಟ್ರೋಲರ್ ಅದನ್ನೇ ಕರೆದು ಆ್ಯಪ್ ಓದುವ ಜೇಸನ್ ರೂಪದ ಡೇಟಾ ಕೊಡುತ್ತದೆ. ವೆಬ್‌ಹುಕ್ ಕಂಟ್ರೋಲರ್ ಗೇಟ್‌ವೇ ಸಹಿ ಸರಿ ಇದೆಯಾ ಎಂದು ನೋಡಿ, ಅದನ್ನೇ ಕರೆದು 200 ಕೊಡುತ್ತದೆ. ಕಂಟ್ರೋಲರ್ ಇನ್ನೊಂದು ಕಂಟ್ರೋಲರ್‌ನ್ನು ಕರೆಯುವ ಪ್ರಸಂಗವೇ ಬರುವುದಿಲ್ಲ.

ಎಲ್ಲವನ್ನೂ ‘ಬುಕಿಂಗ್ ಸರ್ವೀಸ್’ ಎಂಬ ಒಂದೇ ಕ್ಲಾಸ್‌ಗೆ ಸುರಿಯಬೇಡಿ, ಅದೂ 2,300 ಸಾಲಾಗುತ್ತದೆ. ಎಲ್ಲವನ್ನೂ ಮಾಡೆಲ್‌ಗೆ ಹಾಕಿದರೂ ಅದೇ ಗತಿ. 2006ರಲ್ಲಿ ಜೇಮಿಸ್ ಬಕ್ ರೈಲ್ಸ್ ಜನರಿಗೆ ಕಂಟ್ರೋಲರ್ ತೆಳ್ಳಗಿರಲಿ, ಮಾಡೆಲ್ ದಪ್ಪಗಿರಲಿ ಎಂದು ಹೇಳಿದ್ದು ಆ ಕಾಲಕ್ಕೆ ಬೇಕಾದ ಮಾತೇ. ಅದನ್ನೇ ವೇದವಾಕ್ಯ ಮಾಡಿಕೊಂಡವರ ಯೂಸರ್ ಮಾಡೆಲ್‌ಗಳನ್ನು ರಿಪೇರಿ ಮಾಡಿ ನಾನು ಸಾಕಷ್ಟು ಬಿಲ್ ಮಾಡಿದ್ದೇನೆ.

ಎಲ್ಲಿ ಕೈ ಸುಡುತ್ತದೆ

ಆ ಹನ್ನೆರಡನೇ ಸಾಲಿಗೆ ಈಗ ವಾಪಸ್ ಬರೋಣ. ಆತ್ ಮಿಡಲ್‌ವೇರ್ ಹಳೇ ಕಂಟ್ರೋಲರ್‌ನ ಕನ್‌ಸ್ಟ್ರಕ್ಟರ್‌ನಲ್ಲಿದೆ. ನೀವು ಕ್ಯಾನ್ಸಲ್ ಮೆಥಡನ್ನು ಕತ್ತರಿಸಿ ಹೊಸ ಕಂಟ್ರೋಲರ್‌ಗೆ ಅಂಟಿಸಿದರೆ ಮಿಡಲ್‌ವೇರ್ ಅದರ ಹಿಂದೆ ಬರುವುದಿಲ್ಲ. ಆ ಇಫ್ ಮಾತ್ರ ಬರುತ್ತದೆ. ಫಾರ್ಮ್‌ನ ಸಿಎಸ್‌ಆರ್‌ಎಫ್ ಟೋಕನ್ (ರಿಕ್ವೆಸ್ಟ್ ನಮ್ಮದೇ ಪುಟದಿಂದ ಬಂತಾ ಎಂದು ನೋಡುವ ಗುಟ್ಟಿನ ಸಂಖ್ಯೆ) ಹೊರಗಿನವರಿಗೆ ಅಂಥ ದೊಡ್ಡ ಅಡ್ಡಿಯಲ್ಲ, ಯಾವುದಾದರೂ ಪುಟ ತೆರೆದು ತಮ್ಮದೇ ಟೋಕನ್ ಪಡೆಯಬಹುದು. ಅಲ್ಲಿಗೆ ಲಾಗಿನ್ ಆಗದ ಯಾರು ಬೇಕಾದರೂ ಯುಆರ್‌ಎಲ್‌ನಲ್ಲಿ ಬುಕಿಂಗ್ ನಂಬರ್ ಬದಲಿಸುತ್ತಾ ಊರಿನವರ ಮದುವೆಗಳನ್ನೆಲ್ಲ ಕ್ಯಾನ್ಸಲ್ ಮಾಡಬಹುದು. ವೆಬ್ ಭದ್ರತೆಯ ಸಂಸ್ಥೆ ಒವಾಸ್ಪ್‌ನ 2021ರ ಟಾಪ್ ಟೆನ್ ಅಪಾಯಗಳ ಪಟ್ಟಿಯಲ್ಲಿ ಮೊದಲ ಜಾಗದಲ್ಲಿದ್ದದ್ದು ಇಂಥ ಪರ್ಮಿಷನ್ ತೂತುಗಳೇ. ಆದ್ದರಿಂದ ಮಿಡಲ್‌ವೇರ್‌ಗಳನ್ನು ಕಂಟ್ರೋಲರ್‌ನಿಂದ ತೆಗೆದು ರೂಟ್ ಗ್ರೂಪ್‌ಗೆ ಹಾಕಿ (ರೂಟ್ ಅಂದರೆ ಯಾವ ಯುಆರ್‌ಎಲ್ ಯಾವ ಕಂಟ್ರೋಲರ್‌ಗೆ ಎಂಬ ನಮೂದು). ಒಡೆಯುವ ಮೊದಲೂ ಆದ ಮೇಲೂ ಲಾರಾವೆಲ್‌ನ ಕಮಾಂಡ್ ಸಾಧನ ಆರ್ಟಿಸನ್‌ನ ರೂಟ್ ಲಿಸ್ಟ್ ಕಮಾಂಡನ್ನು ವರ್ಬೋಸ್ ಆಗಿ (ಪೂರ್ತಿ ವಿವರ ಸಮೇತ) ಓಡಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ರೂಟ್‌ನ ಮಿಡಲ್‌ವೇರ್ ಕಳೆದುಹೋಗಿದ್ದರೂ ಅಲ್ಲೇ ಕಾಣುತ್ತದೆ.

ಯುಆರ್‌ಎಲ್‌ಗಳನ್ನು ಈಗಲೇ ಬದಲಿಸಬೇಡಿ. ಹಳೇ ಆ್ಯಪ್ ಫೋನ್‌ಗಳಲ್ಲಿದೆ, ಕಳಿಸಿದ ಎಸ್ಸೆಮ್ಮೆಸ್‌ಗಳಲ್ಲಿ ಲಿಂಕ್‌ಗಳಿವೆ. ಹಳೇ ಯುಆರ್‌ಎಲ್, ಹಳೇ ರೂಟ್ ಹೆಸರು ಹಾಗೇ ಇಟ್ಟು ಹೊಸ ಕಂಟ್ರೋಲರ್‌ಗೆ ತಿರುಗಿಸಿ. ಪುಟಗಳ ಟೆಂಪ್ಲೇಟ್ ಇರುವ ಬ್ಲೇಡ್ ಫೈಲ್‌ಗಳನ್ನು ಮುಟ್ಟುವ ಕೆಲಸವೂ ತಪ್ಪುತ್ತದೆ.

ಮುಟ್ಟುವ ಮೊದಲು ಕೆಲವು ಫೀಚರ್ ಟೆಸ್ಟ್ (ಆ್ಯಪ್ ಸರಿಯಾಗಿ ನಡೆಯುತ್ತಾ ಎಂದು ತಾನಾಗೇ ನೋಡುವ ಕೋಡ್) ಬರೆಯಿರಿ. ಗ್ರಾಹಕ ತನ್ನದನ್ನು ಕ್ಯಾನ್ಸಲ್ ಮಾಡಬಹುದು, ಬೇರೆಯವರದ್ದನ್ನು ಮಾಡುವಂತಿಲ್ಲ, ಲಾಗಿನ್ ಇಲ್ಲದೆ ಆಗುವುದಿಲ್ಲ, ಮದುವೆಗೆ 61, 60, 30, 29 ದಿನ ಇದ್ದಾಗ ರೀಫಂಡ್ ಎಷ್ಟು, ಒಂದೇ ವೆಬ್‌ಹುಕ್ ಎರಡು ಸಲ ಬಂದರೆ ಎಸ್ಸೆಮ್ಮೆಸ್ ಒಂದೇ. ಕೊನೆಯದು ಈಗ ಫೇಲ್ ಆಗುತ್ತದೆ, ಆಗಲಿ.

ಬಾಸ್‌ಗೆ ಏನು ಹೇಳುವುದು

ಅವರ ಮಾತಿನಲ್ಲೂ ಅರ್ಥವಿದೆ. ಮೂರು ವಾರ ನಿಲ್ಲಿಸಿ ಪೂರ್ತಿ ಹೊಸದಾಗಿ ಬರೆಯುತ್ತೇವೆ ಎಂದರೆ ನಾನೂ ಬೇಡ ಅನ್ನುತ್ತೇನೆ. ರಿಪೋರ್ಟ್ ಮೆಥಡ್‌ಗಳು ಎರಡು ವರ್ಷದಿಂದ ಬದಲಾಗಿಲ್ಲ ಎಂದು ಬರೆದಿದ್ದೀರಿ. ಅವನ್ನು ಹಾಗೇ ಬಿಡಿ, ಎಷ್ಟು ಕೊಳಕಾಗಿದ್ದರೂ. ಗಿಟ್ ಲಾಗ್ (ಕೋಡ್ ಬದಲಾವಣೆಗಳ ದಾಖಲೆ) ತೆಗೆದು ಯಾವ ಮೆಥಡ್‌ಗೆ ಪದೇ ಪದೇ ಕೈ ಹಾಕಿದ್ದೀರಿ ನೋಡಿ. ಕ್ಯಾನ್ಸಲ್, ಅಡ್ವಾನ್ಸ್, ಡೇಟ್ ಬದಲಾವಣೆ ಈ ಮೂರೇ ಇರಬಹುದು ಎಂದು ನನ್ನ ಅಂದಾಜು. ಮುಂದಿನ ಸಲ ಅಲ್ಲಿಗೆ ಹೊಸ ಕೆಲಸ ಬಂದಾಗ ಅದರ ಜೊತೆಗೇ ಆ ಒಂದನ್ನು ಹೊರಗೆ ತೆಗೆಯಿರಿ. ಆಷಾಢದಲ್ಲಿ ಬಿಡುವಿರುತ್ತದೆ, ಆಗ ಮಾಡೋಣ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಆದರೆ ಶ್ರಾವಣಕ್ಕೆ ಮಂಟಪ ಹಿಡಿಯುವ ಓಡಾಟ ಇರುತ್ತದೆ.

ಎರಡು ಕೆಲಸಕ್ಕೆ ಮಾತ್ರ ಯಾರ ಒಪ್ಪಿಗೆಗೂ ಕಾಯಬೇಡಿ. ವೆಬ್‌ಹುಕ್ ಬುಕಿಂಗ್ ಕಂಟ್ರೋಲರ್ ಕರೆಯದೆ ತನ್ನ ಕೆಲಸ ತಾನೇ ಮುಗಿಸಿ 200 ಕೊಡುವ ಹಾಗೆ ಮಾಡಿ, ಆ ಈವೆಂಟ್‌ನ ಐಡಿ ಬರೆದಿಟ್ಟುಕೊಂಡು ಎರಡನೇ ಸಲ ಬಂದರೆ ಏನೂ ಮಾಡದಿರಲಿ. ಆಮೇಲೆ ಹನ್ನೆರಡನೇ ಸಾಲಿನ ಇಫ್ ತೆಗೆಯಿರಿ. ಈ ಕ್ರಮದಲ್ಲೇ ಮಾಡಿ. ಇಫ್ ಮೊದಲು ತೆಗೆದರೆ ಈಗಿನ ವೆಬ್‌ಹುಕ್ 500 (ಸರ್ವರ್ ಎರರ್) ಕೊಡುತ್ತದೆ, ಗೇಟ್‌ವೇ ಮತ್ತೆ ಮತ್ತೆ ಬಾಗಿಲು ಬಡಿಯುತ್ತದೆ.